ಗಡಗಡ ಮಷೀನಿನ ಯಜಮಾನರು

ಕನ್ನಡಕದಂಗಡಿಯವರು ಮನೆಯ ಅಗ್ಗದ ಎಸ್‌ಪ್ರೆಸೊ ಮಷೀನನ್ನು ಬೈಯದೆ ಒಂದು ಗುಟುಕು ಕಾಫಿಯನ್ನೂ ಕುಡಿದವರಲ್ಲ. ಅದು ಗಡಗಡ ನಡುಗುತ್ತಾ ಅಡುಗೆಕಟ್ಟೆಯ ಅಂಚಿಗೆ ತೆವಳುತ್ತದೆ. ಇವರು ಒಂದು ಕೈಯಲ್ಲಿ ಅದರ ತಲೆ ಅದುಮಿ, ಇನ್ನೊಂದರಲ್ಲಿ ಲೋಟ ಹಿಡಿಯುತ್ತಾರೆ. "ಈ ತಿಂಗಳು ಈ ಪೀಡೇನ ಬಿಸಾಕಿ ಹೊಸದು ತರ್ತೀನಿ" ಎಂದು ಎರಡು ವರ್ಷದಿಂದ ಗಿರಾಕಿಗಳಿಗೆಲ್ಲ ಹೇಳುತ್ತಲೇ ಇದ್ದಾರೆ. ಭಾನುವಾರ ತಪ್ಪದೆ ಮಷೀನು ಮಾರುವ ಅಂಗಡಿಗೆ ಹೋಗಿ, ದೊಡ್ಡದೊಂದರ ಮೈ ಸವರುತ್ತಾರೆ. ಅಂಗಡಿಯವನು "ಚೂರೂ ಸದ್ದಿಲ್ಲ ಸಾರ್" ಎಂದಿದ್ದೇ ತಡ, "ಇನ್ನೊಂದ್ಸಲ ನೋಡೋಣ" ಎಂದು ಹೊರಟುಬಿಡುತ್ತಾರೆ. ಮನೆಯಲ್ಲಿ ತಾಯಿಗೆ ಇವರ ಮುಖ ಮರೆತೂ ಅಷ್ಟೇ ವರ್ಷವಾಯಿತು. ಬೆಳಿಗ್ಗೆ ಇವರು ಕಾಫಿ ಹಿಡಿದು ಎದುರು ನಿಂತರೆ, ಆಕೆ ಹಿಗ್ಗಿ ಹೇಳುತ್ತಾರೆ: "ಆ ಗಡಗಡ ಕೇಳಿಸ್ತಾ ನಿಮಗೆ? ನನ್ನ ಮಗ ಎದ್ದ. ಅವನಿಗೂ ಒಂದು ಲೋಟ ಕೊಡಿ."