ಮಂಗಳ ಗ್ರಹದಲ್ಲಿ ಗಂಜಿ

ರಾಕೆಟ್ಟು ಮಂಗಳ ಗ್ರಹಕ್ಕೆ ಇಳಿಯುತ್ತಿದ್ದಂತೆ ನರಿಮೊಗರಿನ ನಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಕೈಗಳೆಲ್ಲ ಗಕ್ಕನೆ ನಿಂತವು. ಅರುವತ್ತರ ದಶಕದ ಮಾತು. ನಾನು ಕಾದಂಬರಿಯನ್ನು ಎಲ್ಲರಿಗೂ ಕೇಳುವಂತೆ ಓದುವುದು, ನನ್ನ ಪಾಲಿನ ಬೀಡಿಯನ್ನು ಉಳಿದ ಹೆಂಗಸರು ಕಟ್ಟಿಕೊಡುವುದು ನಮ್ಮೊಳಗಿನ ಒಪ್ಪಂದ. ಅವತ್ತಿನ ಕಥೆಯಲ್ಲಿ, ಕೆಳಗಿಳಿದ ಮೂವರು ತರುಣರ ಹಿಂದೆ ರಾಕೆಟ್ಟಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಉಸಿರು ಬಿಗಿಹಿಡಿದು ಪುಟ ತಿರುಗಿಸಿದರೆ, ಉಳಿದದ್ದು ಮುಂದಿನ ಭಾಗದಲ್ಲಂತೆ!

ಅದು ಬರಲು ಎರಡು ತಿಂಗಳಾದರೂ ಬೇಕು ಎಂದೆ. ನೆರೆಮನೆಯ ಐಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾ ಅಲ್ಲಾ! ಅಷ್ಟು ದಿನ ಆ ಮಕ್ಕಳು ಅಲ್ಲಿ ಎಂತ ತಿನ್ನುದು ಮಾರಾಯ್ತಿ?"

ನಾವು ನಕ್ಕ ರಭಸಕ್ಕೆ ಮಡಿಲ ಗೆರಸೆಯಲ್ಲಿದ್ದ ಹೊಗೆಸೊಪ್ಪಿನ ಹುಡಿಯೆಲ್ಲ ನೆಲದ ಪಾಲಾಯಿತು. ಐಸಮ್ಮ ಮಾತ್ರ ನಗಲಿಲ್ಲ.

ಪುತ್ತೂರಿನಿಂದ ಹೊಸ ಭಾಗ ಬಂದ ದಿನ ನೋಡಿದರೆ, ಮೊದಲ ಪುಟದಲ್ಲೇ ಯುದ್ಧ! ಐಸಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ಸಾಲೊಂದನ್ನು ನಾನೇ ಸೇರಿಸಿ ಓದಿದೆ: ಮೂವರೂ ಹೊಟ್ಟೆ ತುಂಬ ಗಂಜಿ ಉಂಡು ಹೊರಟರು.

"ಹಾಂ, ಇನ್ನು ಯುದ್ಧ ಮಾಡ್ಲಿ" ಎಂದು ಐಸಮ್ಮ ಬೀಡಿ ಎಲೆ ಕೈಗೆತ್ತಿಕೊಂಡರು.

ಈಗಲೂ ಸಾಹಸದ ಕಥೆ ಓದುವಾಗ, ಶತ್ರು ಎಷ್ಟೇ ಹತ್ತಿರ ಬಂದಿರಲಿ, ನಾಯಕನ ಊಟವಾಯಿತೇ ಎಂದು ನಾನು ಎರಡು ಪುಟ ಹಿಂದೆ ಹೋಗಿ ಹುಡುಕುತ್ತೇನೆ.