ಮಗ್ಗದ ಕುಣಿಯಲ್ಲಿ ಲ್ಯಾಪ್‌ಟಾಪು

ವಿಜಯಮಹಾಂತೇಶನ ಲ್ಯಾಪ್‌ಟಾಪನ್ನು ಮನೆಯವರು ಒಲೆ ಎಂದು ಕರೆಯುವುದನ್ನು ಬಿಟ್ಟಿದ್ದರು. ಒಲೆಯ ಮೇಲೆ ರೊಟ್ಟಿಯಾದರೂ ಬೇಯುತ್ತದೆ. ಇದು ಬರೀ ಬಿಸಿಯಾಗುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಆ ಮಟ್ಟಿಗೆ ಅದು ತನ್ನ ಒಡಹುಟ್ಟೇ ಸೈ ಎಂದು ಅವನಿಗೂ ಅನ್ನಿಸಿತ್ತು.

ಇಳಕಲ್ಲಿನ ಈರಪ್ಪನವರ ಪವರ್‌ಲೂಮ್ ಶೆಡ್ಡಿಗೆ ಸೀರೆಯ ದಡಿಗಳ, ಅಂದರೆ ಅಂಚುಗಳ, ಡಿಸೈನು ಬರೆಯುವುದು ಅವನ ನೌಕರಿ. ಬಂಧುಗಳ ಮುಂದೆ ‘ಡಿಸೈನರ್’ ಎನ್ನುತ್ತಿದ್ದ. ಶೆಡ್ಡಿನಲ್ಲಿ, ತಲೆಗೂದಲು ಉದುರತೊಡಗಿದ್ದರೂ, ಇನ್ನೂ ‘ಕಂಪ್ಯೂಟರ್ ಹುಡುಗ’. ಯಂತ್ರ ಮಾತ್ರ ಸ್ವಂತದ್ದು, ಡಿಪ್ಲೊಮಾ ಓದುವಾಗ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು.

ಹೋದ ತಿಂಗಳು ಅದನ್ನು ಹುನಗುಂದಕ್ಕೆ, ರಿಪೇರಿ ಅಂಗಡಿಯ ಗೆಳೆಯ ಅಫ್ಸರನ ಹತ್ತಿರ ಒಯ್ದಿದ್ದ. ಅಫ್ಸರ ತಳ ಬಿಚ್ಚಿ, ಫ್ಯಾನಿನಿಂದ ಕೆಂಪು ರೇಶಿಮೆಯ ನವಿರೆಳೆಗಳ ಜುಂಜು ಎಳೆದೇ ಎಳೆದ.

“ಏನಲೇ ಮಾಂತ್ಯಾ, ಇದರಾಗ ಒಂದ ಖಣ ನೇಯಬಹುದಲ್ಲೋ! ಎಲ್ಲಿಡತೀ ಇದನ್ನ?”

“ಅವ್ವನ ಮಗ್ಗದ ಬಾಜೂಕ. ಜುಂಜು ಹೋಗಬಾರದಂತ ಹಳೇ ಸೀರಿ ಹೊಚ್ಚಿರತೇನಿ.”

“ಚಾಲೂ ಇದ್ದಾಗೂ?”

ಮಹಾಂತೇಶ ಅಂಗಡಿಯ ಸೂರು ನೋಡಿದ. ನೇಕಾರರ ಮನೆಯಲ್ಲಿ ಏಳುವ ಮೊದಲು ನೇಯ್ದದ್ದರ ಮೇಲೆ ಬಟ್ಟೆ ಹೊದಿಸಿಯೇ ಏಳುವುದು. ಕೈಗೆ ಅಂಟಿದ ರೂಢಿ.

“ಜ್ವರ ಬಂದಾಂವಗ ಕೌದಿ ಹೊಚ್ಚಿ ಕೊಂದೀ,” ಎಂದ ಅಫ್ಸರ. “ಫ್ಯಾನ್ ಸತ್ತೈತಿ. ಇಷ್ಟ ಹಳೇದಕ್ಕ ಬ್ಯಾರೆ ಸಿಗೂದಿಲ್ಲ. ತಂಪ ಇದ್ದಲ್ಲಿ ಇಟ್ಕೊಂಡ ಮಾಡ.”

ಏಪ್ರಿಲ್ ತಿಂಗಳ ಇಳಕಲ್ಲಿನಲ್ಲಿ ತಂಪಿದ್ದ ಜಾಗ!

ಇಂದು ಚಿಕ್ಕಿಪರಾಸ ಎಂಬ ಹಳೇ ನಮೂನೆಯ ದಡಿಯ ಡಿಸೈನು ಮುಗಿದಿತ್ತು. ಮಗ್ಗಕ್ಕೆ ಹಾಕುವ ತೂತು ಹೊಡೆದ ಕಾರ್ಡಿಗೆ ಹೊಂದುವಂತೆ ಫೈಲು ಮಾಡುವ ಕೊನೆಯ ಹಂತ ಬಾಕಿ. ಅಲ್ಲಿಗೆ ಬಂದಾಗಲೆಲ್ಲ ಯಂತ್ರ ಕಾದು, ಉಸ್ಸೆಂದು ಕಣ್ಣು ಮುಚ್ಚುತ್ತಿತ್ತು. ಅಷ್ಟರಲ್ಲಿ ಈರಪ್ಪನವರ ಫೋನು.

“ಬಾಗಲಕೋಟ್ಯಾಗ ಕಾರ್ಡ್ ಹೊಡಿಯಾಂವ ಕಾಯಾಕತ್ತಾನ. ಸಂಜೀ ಒಳಗ ಕಳಸ್ತೀ? ಇಲ್ಲಂದ್ರ ರೆಡಿ ಡಿಸೈನ್ ತರಿಸ್ತೇನಿ. ಆಮ್ಯಾಲ ನೀ ಶೆಡ್ಡಿಗೆ ಬರೂದ ಬ್ಯಾಡಪಾ.”

ಹಸಿ ಬಟ್ಟೆ ಹಾಸಿದ. ಎರಡು ತಾಟುಗಳನ್ನು ಬೋರಲು ಹಾಕಿ ಲ್ಯಾಪ್‌ಟಾಪನ್ನು ಅವುಗಳ ಮೇಲಿಟ್ಟ. ಟೇಬಲ್ ಫ್ಯಾನು ತಿರುಗಿಸಿದರೆ ಬಿಸಿಗಾಳಿ. ಮತ್ತೆ ಕಪ್ಪು ಪರದೆ, ಅದರಲ್ಲಿ ತನ್ನದೇ ಬೆವೆತ ಮುಖ.

ಪಡಸಾಲೆಯಲ್ಲಿ ಅವ್ವ ಯಮನವ್ವ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದಳು. ಬೇಸಿಗೆಯಲ್ಲಿ ಮನೆಗೆಲ್ಲ ತಂಪಿರುವುದು ನೆಲ ಅಗೆದು ಮಾಡಿದ ಆ ಕುಣಿಯೊಂದೇ. ಸಣ್ಣವನಿದ್ದಾಗ ಅಲ್ಲೇ ಮುದುಡಿ ಮಲಗುತ್ತಿದ್ದ. ಆದರೆ ಅವನಿಳಿಯಬೇಕಾದರೆ ಅವಳು ಏಳಬೇಕು. ಅವಳ ಕೈಯಲ್ಲಿದ್ದದ್ದೂ ಚಿಕ್ಕಿಪರಾಸ ದಡಿಯೇ. ಅದರ ಫೋಟೊ ಹೊಡೆದುಕೊಂಡೇ ಅವನು ಡಿಸೈನು ಬರೆದಿದ್ದ.

“ಯವ್ವಾ, ಒಂದೀಟ ಏಳತೀ? ಕುಣಿ ಬೇಕಾಗಿತ್ತು.”

“ಯಾಕ, ಅದನ್ನ ಹೂಳಾಕೇನ?”

“ಇಳಿಸಾಕ. ಇಲ್ಲಂದ್ರ ನೌಕರಿ ಹೋಗತೈತಿ.”

ಯಮನವ್ವ ಲಾಳಿ ನಿಲ್ಲಿಸಿದಳು. “ಅದರಾಗಿಂದೂ ಇದ ದಡೀನ ಅಲ್ಲೇನ?”

“ಹೂಂ.”

“ಮಶಿನ್ ಮ್ಯಾಲ ಒಂದ ಸೀರಿಗೆ ಭಾಳೊತ್ತ ಹಿಡಿತೈತೇನ?”

ಸುಳ್ಳು ಹೇಳೋಣ ಅನ್ನಿಸಿತು. ಆ ಸೆಕೆಗೆ ಸುಳ್ಳೂ ಹುಟ್ಟಲಿಲ್ಲ. “ಇಲ್ಲಬೇ.”

ಅವಳು ಲಾಳಿಯನ್ನು ಪಕ್ಕಕ್ಕಿಟ್ಟಳು. ನೇಯ್ದದ್ದರ ಮೇಲೆ ಬಟ್ಟೆ ಹೊದಿಸಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಹೊರಗೆ ತಂದಳು. “ಇಳಿ. ನನಗೂ ಮೊಣಕಾಲ ಹಿಡದಾವು.”

ಡಿಸೈನರ್ ಸಾಹೇಬರು ಏರ್‌ಕಂಡೀಶನ್ ಆಫೀಸಿಗೆ ಇಳಿದರು. ಮೊಣಕಾಲು ಗದ್ದಕ್ಕೆ, ಬೆನ್ನು ಮಣ್ಣಿಗೆ, ಲ್ಯಾಪ್‌ಟಾಪು ಮಗ್ಗದ ತುಳಿಹಲಗೆಗಳ ನಡುವೆ. ನೆತ್ತಿಯ ಮೇಲೆ ಅವ್ವನ ಅರೆನೇಯ್ದ ಸೀರೆ. ಫೈಲು ಎತ್ತಿನ ಗಾಡಿಯಂತೆ ಸಾಗಿತು.

“ಹೋತೇನು?” ಗೋಡೆಗೊರಗಿದ ಅವ್ವ ಕೇಳಿದಳು.

“ಇನ್ನೂ ಇಲ್ಲ.”

ಯಂತ್ರ ಗೊರಗುಟ್ಟಿತು, ಸಾಯಲಿಲ್ಲ. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಫೈಲು ಬಾಗಲಕೋಟೆ ಮುಟ್ಟಿತು. ಈರಪ್ಪನವರಿಂದ ಮೊಬೈಲಿಗೆ ಒಂದು ಹೆಬ್ಬೆಟ್ಟಿನ ಚಿತ್ರ ಬಂತು, ಅಷ್ಟೇ. ಖುಷಿಯಾಗಬೇಕಿತ್ತು, ಬೆನ್ನು ನೋಯುತ್ತಿತ್ತು.

ಅವನು ಮೇಲೆ ಬಂದ ಮೇಲೆ ಯಮನವ್ವ ಮತ್ತೆ ಕಾಲಿಳಿಬಿಟ್ಟಳು. ಬಿಟ್ಟವಳೇ ಸಟ್ಟನೆ ಎತ್ತಿಕೊಂಡಳು.

“ಯಪ್ಪಾ! ನಿನ್ನ ನೌಕರಿ ಉಳಿಸಾಕ ಹೋಗಿ ನನ್ನ ಕುಣಿ ಕಾದ ಹಂಚ ಮಾಡೀಯಲ್ಲೋ!”

ಲ್ಯಾಪ್‌ಟಾಪಿಗೆ ಹೊದಿಸಲು ರೂಢಿಯಂತೆ ಹಳೇ ಸೀರೆ ಎತ್ತಿದ್ದ ಮಹಾಂತೇಶನ ಕೈ ತಡೆಯಿತು. ಅದನ್ನು ನಾಲ್ಕು ಮಡಿಕೆ ಮಾಡಿ, ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಅವ್ವನ ಕಾಲ ಕೆಳಗೆ ಗಾಳಿ ಬೀಸತೊಡಗಿದ.