ಪದ್ಮಾವತಿಯ ಖಾಕಿ ಅಂಗಿ

ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಖಾಕಿ ಅಂಗಿ, ತಲೆಗೊಂದು ಟವೆಲ್. ಶ್ರೀರಾಂಪುರದ ಮೈದಾನದಲ್ಲಿ ಹುಲ್ಲು ಕೀಳುವ ಪದ್ಮಾವತಿಯನ್ನು ದಿವ್ಯ ಎರಡು ವರ್ಷದಿಂದ ದಿನಾ ದಾಟಿ ಓಡುತ್ತಿದ್ದಳು, ಒಮ್ಮೆಯೂ ಮಾತಾಡಿಸಿರಲಿಲ್ಲ. ಓಡುವವರ ಕಣ್ಣೇ ಹಾಗೆ. ಕೈಗಡಿಯಾರ ಕಾಣುತ್ತದೆ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಮನುಷ್ಯರು ಕಾಣುವುದಿಲ್ಲ.

ಈ ಹುಡುಗಿಗೆ ಬಿಸಿಲು ಆಗುತ್ತಿರಲಿಲ್ಲ. ಅರ್ಧ ಗಂಟೆ ಓಡಿದರೆ ತೋಳಿನ ತುಂಬ ಕೆಂಪು ದದ್ದು. ಚರ್ಮದ ಡಾಕ್ಟರು, ಮೈ ಮುಚ್ಚಿಕೊಂಡು ಓಡು, ಇಲ್ಲವೇ ಓಟ ಬಿಡು ಎಂದಿದ್ದರು. ಅವಳು ಅಂಗಡಿಗೆ ಹೋಗಿ ಇದ್ದುದರಲ್ಲಿ ತೀರಾ ತೆಳ್ಳಗಿನ, ತೀರಾ ಬೆಳ್ಳಗಿನ ತುಂಬುತೋಳಿನ ಟೀ ಶರ್ಟ್ ತಂದಳು. ಬಿಸಿಲಿಗೆ ಬಿಳಿ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇ ತಾನೆ. ದದ್ದು ಅದರೊಳಗೂ ಎದ್ದಿತು. ಜಿಲ್ಲಾ ಮಟ್ಟದ ಹತ್ತು ಕಿಲೋಮೀಟರ್ ಓಟಕ್ಕೆ ಇನ್ನು ಹತ್ತೇ ದಿನ. "ಇನ್ನೊಂದು ಸಲ ದದ್ದು ಎದ್ರೆ ಶೂ ಎತ್ತಿಡೋದು ಅಷ್ಟೇ," ಎಂದರು ಅಪ್ಪ ಶಿವಪ್ರಕಾಶ್. ಅವರು ಆಡಿದ ಮಾತು ಬದಲಿಸುವವರ ಪೈಕಿಯಲ್ಲ.

ಅವತ್ತು ಮೈದಾನದ ನಲ್ಲಿಯ ಹತ್ತಿರ ಬೇರೆ ಅಂಗಿ ತೊಟ್ಟು, ಒದ್ದೆ ಟೀ ಶರ್ಟ್ ಹಿಂಡುತ್ತ ಅವಳು ಅಳುತ್ತಿದ್ದಾಗ ಪದ್ಮಾವತಿ ನೀರು ಕುಡಿಯಲು ಬಂದರು. ವಿಷಯ ಕೇಳಿ, ಟೀ ಶರ್ಟನ್ನು ಕಿತ್ತುಕೊಂಡು ಆಕಾಶಕ್ಕೆ ಹಿಡಿದರು.

"ನೋಡಿಲ್ಲಿ, ಸೂರ್ಯ ಕಾಣ್ತಾವ್ನೆ. ಬೆವರಿಗೆ ನೆಂದ್ರಂತೂ ಪೂರಾ ಒಳೀಕೆ ಬುಡ್ತದೆ. ಇದು ಬಟ್ಟೆ ಅಲ್ಲ ಕಣವ್ವ, ಜರಡಿ."

ಆಮೇಲೆ ತಮ್ಮ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಿಸಿದರು. ಮಣಿಕಟ್ಟಿನವರೆಗೆ ಕೈ ಕಪ್ಪಿಟ್ಟು ಬಿರಿದಿತ್ತು. ಅಲ್ಲಿಂದ ಮೇಲೆ, ಗೆರೆ ಎಳೆದಂತೆ, ಬೇರೆ ಯಾರದೋ ತೋಳು: ನುಣ್ಣಗೆ, ಒಂದು ಕಲೆಯೂ ಇಲ್ಲದೆ. ಮೂವತ್ತೊಂದು ವರ್ಷದ ದುಡಿಮೆಯ ಬಿಸಿಲು ಆ ಗೆರೆಯವರೆಗೆ ಬಂದು ನಿಂತುಬಿಟ್ಟಿತ್ತು. ದಿವ್ಯ ಗರ್ಭಗುಡಿಯ ಮುಂದೆ ನಿಂತವಳ ಹಾಗೆ ನೋಡಿದಳು.

ಮದುವೆಯಾದ ಹೊಸತರಲ್ಲಿ ಗದ್ದೆಯ ಕಳೆಗೆ ಹೋಗಿ ಪದ್ಮಾವತಿಯ ತೋಳು ಸುಲಿದುಹೋಗಿತ್ತಂತೆ. ಅತ್ತೆ ಸಿದ್ದಲಿಂಗಮ್ಮ ಮಗನ ಅಂಗಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಬೆಳಕು ಬಿಡದ ಒಂದನ್ನು ಆರಿಸಿ ಸೊಸೆಗೆ ತೊಡಿಸಿದರಂತೆ. ಮುಂದೆ ಗಂಡ ಮಹದೇವು ಆಟೋ ಓಡಿಸಲು ಮೈಸೂರಿಗೆ ಬಂದ ಮೇಲೆ ಮನೆಯಲ್ಲಿ ಖಾಕಿಗೆ ಬರವಿರಲಿಲ್ಲ.

ಮಾರನೆಯ ದಿನ ಇಬ್ಬರೂ ಅರಸು ರಸ್ತೆಯ ಅಂಗಡಿಯಲ್ಲಿದ್ದರು. ಪದ್ಮಾವತಿ ಒಂದೊಂದು ಅಂಗಿಯನ್ನೂ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರು. ಅಂಗಡಿಯವನಿಗೆ ರೇಗಿತು.

"ಲೇಬಲ್ ಇದೆಯಲ್ಲಮ್ಮ, ಓದ್ಕೊಳಿ."

"ನಂಗೆ ಓದಕ್ ಬರಲ್ಲ ಕಣಪ್ಪ, ವಸಿ ತಾಳು."

ದಿವ್ಯ ಮೈಗಂಟುವ ಅಂಗಿಯೊಂದನ್ನು ಎತ್ತಿಕೊಂಡಳು. ಪದ್ಮಾವತಿ ಅದನ್ನು ಎಳೆದು ತೋರಿಸಿದರು. ಎಳೆದಲ್ಲೆಲ್ಲ ನೇಯ್ಗೆ ಬಾಯಿ ಬಿಟ್ಟಿತು. ಕೊನೆಗೆ ಸಿಕ್ಕಿದ್ದು ಕಡುನೀಲಿಯದು: ಹಗುರ, ಒತ್ತು ನೇಯ್ಗೆ, ಒಂದು ಸೈಜು ದೊಡ್ಡದು. ಅಂಗಡಿಯವನು ಲೇಬಲ್ ತಿರುಗಿಸಿ ನೋಡಿದ. ಬಿಸಿಲು ತಡೆಯುವುದರಲ್ಲಿ ಅವನ ಅಂಗಡಿಯಲ್ಲಿ ಅದಕ್ಕಿಂತ ಮೇಲಿನದು ಇರಲಿಲ್ಲ.

ಓಟದ ದಿನ ಮುಖ್ಯ ಅತಿಥಿಗಳು, ಪದ್ಧತಿ ತಪ್ಪಿಸದೆ, ಎರಡು ಗಂಟೆ ತಡವಾಗಿ ಬಂದರು. ಓಟ ಮುಗಿಯುವಾಗ ಹನ್ನೊಂದೂವರೆ, ನೆತ್ತಿ ಸುಡುವ ಬಿಸಿಲು. ದಿವ್ಯ ನಾಲ್ಕನೆಯವಳಾಗಿ ಬಂದು ನೆರಳಲ್ಲಿ ಕುಸಿದಳು. ತೋಳು ಸರಿಸಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಓಟ ನೋಡಲು ಬಂದಿದ್ದ ಪದ್ಮಾವತಿ, ಎಷ್ಟನೆಯವಳಾದೆ ಎಂದು ಕೇಳಲಿಲ್ಲ. ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು, ನೀಲಿ ತೋಳನ್ನು ಮೆಲ್ಲಗೆ ಮಡಿಸಿದರು. ಹಸ್ತ ಬಿಸಿಲಿಗೆ ಕಂದಿತ್ತು. ಮಣಿಕಟ್ಟಿನಿಂದ ಮೇಲೆ ಒಂದು ದದ್ದೂ ಇರಲಿಲ್ಲ.

ಹಿಂದೆಯೇ ನಿಂತಿದ್ದ ಅಪ್ಪ ಶಿವಪ್ರಕಾಶ್ ಬಗ್ಗಿ ಮಗಳ ತೋಳನ್ನು ನೋಡಿದರು, ಆಮೇಲೆ ಅದನ್ನು ಹಿಡಿದಿದ್ದ ಬಿರಿದ ಕೈಯನ್ನು ನೋಡಿದರು.

"ಒಂದೇ ಅಂಗಿ ಸಾಲಲ್ಲ ಅನ್ಸತ್ತೆ," ಎಂದರು. "ನಾಳೆ ಅಂಗಡಿಗೆ ನಮ್ಮ ಜೊತೆ ಬರ್ತೀರಾಮ್ಮ?"